ಗಲ್ಲಾಪೆಟ್ಟಿಗೆಯ ಪಕ್ಕದ ಕಂಪ್ಯೂಟರ್

ಚಿಕ್ಕಪೇಟೆಯ ಜವಳಿ ಅಂಗಡಿಗಳಿಗೆ ನಾನು ಬಿಲ್ಲಿಂಗ್ ಪ್ರೋಗ್ರಾಮ್ ಬರೆದುಕೊಡುತ್ತಿದ್ದ ಕಾಲದಲ್ಲಿ ಫಾಕ್ಸ್‌ಪ್ರೊ 2.6 ದೊಡ್ಡ ಹೆಸರು. ಗಲ್ಲಾಪೆಟ್ಟಿಗೆಯ ಪಕ್ಕ ಗಡಂಚಿಯ ಮೇಲೆ ಕಂಪ್ಯೂಟರ್, ಅದರಾಚೆ ಕರಕರ ಸದ್ದಿನ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್. ಹೊಸ ಸೀರೆಗಳ ಗಂಜಿಯ ವಾಸನೆಗೆ ರಿಬ್ಬನ್ನಿನ ಮಸಿವಾಸನೆ ಬೆರೆತಿರುತ್ತಿತ್ತು. ಕರೆಂಟು ಹೋದರೆ ಇಂಡೆಕ್ಸ್ ಫೈಲು ಕೆಡುತ್ತಿತ್ತು. "ಸ್ಟಾಕಿನಲ್ಲಿ ಸೀರೆಯೇ ಕಾಣಿಸ್ತಿಲ್ಲ ಕಣಪ್ಪಾ" ಎಂದು ಶೆಟ್ಟರು ಫೋನ್ ಮಾಡುತ್ತಿದ್ದರು. ಸೀರೆಯ ಲೆಕ್ಕ ಎಲ್ಲಿಗೂ ಹೋಗಿರುತ್ತಿರಲಿಲ್ಲ, ಹುಡುಕುವ ದಾರಿ ಮಾತ್ರ ತಪ್ಪಿರುತ್ತಿತ್ತು. ಕೊನೆಗೆ ರೀಇಂಡೆಕ್ಸ್ ಆಜ್ಞೆಯನ್ನೇ ಮೆನುವಿನ ಮೊದಲ ಸಾಲಿಗೆ ತಂದೆ. ಬೆಳಗ್ಗೆ ದೇವರ ಪಟಕ್ಕೆ ಊದುಬತ್ತಿ ಹಚ್ಚಿದ ಕೂಡಲೇ ಗುಮಾಸ್ತರು ಅದನ್ನು ಒತ್ತುತ್ತಿದ್ದರು. ಫೋನು ನಿಂತಿತು.

ಎಸ್.ಪಿ. ರಸ್ತೆಯಲ್ಲಿ ಮೂರೂವರೆ ಇಂಚಿನ ಫ್ಲಾಪಿ ಒಂದಕ್ಕೆ ಇಪ್ಪತ್ತು, ಇಪ್ಪತ್ತೈದು ರೂಪಾಯಿ. ಹಿಡಿಸುತ್ತಿದ್ದದ್ದು 1.44 ಎಂಬಿ. ಶೆಟ್ಟರ ಒಂದು ವರ್ಷದ ಲೆಕ್ಕವನ್ನು ಎಆರ್‌ಜೆ ಹಾಕಿ ಕುಗ್ಗಿಸಿ, ನಾಲ್ಕೈದು ಫ್ಲಾಪಿಗೆ ಹಂಚಿ, ಅಮ್ಮನ ಟ್ರಂಕಿನಲ್ಲಿ ರೇಷ್ಮೆ ಸೀರೆ, ನುಸಿಗುಳಿಗೆಗಳ ನಡುವೆ ಇಡುತ್ತಿದ್ದೆ. ಮಳೆಗಾಲದಲ್ಲಿ ಫ್ಲಾಪಿಗೂ ಬೂಷ್ಟು ಹಿಡಿಯುತ್ತಿತ್ತು. ನಡುವಿನ ಒಂದು ಕೆಟ್ಟರೂ ಲೆಕ್ಕ ಪೂರ್ತಿ ಬಿಚ್ಚಿಕೊಳ್ಳುತ್ತಿರಲಿಲ್ಲ. ಹಾಗಾಗಿ ಎರಡು ಕಟ್ಟು ಮಾಡಿ, ಒಂದನ್ನು ಬೇರೆ ಮನೆಯಲ್ಲಿಡುತ್ತಿದ್ದೆ. ಇನ್ನೊಂದು ಕಂಪ್ಯೂಟರಿನಲ್ಲಿ ಬಿಚ್ಚಿ ನೋಡುವ ತನಕ ಅದನ್ನು ಬ್ಯಾಕಪ್ ಎಂದು ನಾನು ಒಪ್ಪುತ್ತಿರಲಿಲ್ಲ. ಕ್ಲೌಡ್ ಬಂದ ಮೇಲೂ ಒಪ್ಪಿಲ್ಲ. ನೀವೂ ತಿಂಗಳಿಗೊಮ್ಮೆ ಬಿಚ್ಚಿ ನೋಡಿ.

ಕೋಡಿನ ಹಳೆಯ ರೂಪಗಳನ್ನು ಉಳಿಸಿಕೊಳ್ಳಲು ನಮಗಿದ್ದದ್ದು ಫೋಲ್ಡರುಗಳು. ಡಾಸ್‌ನಲ್ಲಿ ಹೆಸರಿಗೆ ಎಂಟೇ ಅಕ್ಷರ. ಬಿಲ್1, ಬಿಲ್2, ಬಿಲ್‌ಹೊಸ ಎಂದೆಲ್ಲ ಇಂಗ್ಲಿಷಿನಲ್ಲಿ ತುರುಕುತ್ತಿದ್ದೆವು. ಜೊತೆಗೆ ತಾತನ ಕಾಲದ್ದೊಂದು ಖಾಲಿ ಕಿರ್ದಿ ಪುಸ್ತಕದಲ್ಲಿ ಯಾವ ಅಂಗಡಿಗೆ ಏನು ಬದಲಾಯಿಸಿದೆ, ಏಕೆ ಬದಲಾಯಿಸಿದೆ ಎಂದು ತಾರೀಖು ಹಾಕಿ ಬರೆಯುತ್ತಿದ್ದೆ. 2005ರ ಏಪ್ರಿಲ್‌ನಲ್ಲಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಕರ್ನೆಲ್ ಕೆಲಸಕ್ಕೆಂದು ಗಿಟ್ ಬರೆದರು. ಏನು ಬದಲಾಯಿತು ಎಂಬುದನ್ನು ಇನ್ನು ಅದೇ ತೋರಿಸುತ್ತದೆ. ಏಕೆ ಎಂಬುದನ್ನು ಕಮಿಟ್ ಸಂದೇಶದಲ್ಲಿ ನೀವೇ ಬರೆಯಬೇಕು. "ಸರಿಪಡಿಸಿದೆ" ಎಂದಷ್ಟೇ ಬರೆಯುವ ಹುಡುಗರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಆನ್‌ಲೈನ್ ವ್ಯಾಪಾರ ಎಂಬುದನ್ನು ಮೊದಲು ಮಾಡಿದ್ದು ನನ್ನ ಭಾವಮೈದ, ಕನ್ನಡ ಪುಸ್ತಕಗಳದ್ದು. ಗಂಟೆಗೆ ಅರವತ್ತು ರೂಪಾಯಿ ಕೊಟ್ಟು ಸೈಬರ್ ಕೆಫೆಯಲ್ಲಿ ಇಮೇಲ್ ನೋಡಿ, ವಿಳಾಸಗಳನ್ನು ಕಾಗದಕ್ಕಿಳಿಸಿಕೊಂಡು, ವಿಪಿಪಿಯಲ್ಲಿ ಪುಸ್ತಕ ಕಳಿಸುತ್ತಿದ್ದ. ಅಂಚೆಯವರು ಗಿರಾಕಿಯಿಂದ ಹಣ ಪಡೆದ ಮೇಲೆ ಅದು ಮನಿಯಾರ್ಡರಾಗಿ ಬರುತ್ತಿತ್ತು. ಬೇಡವೆಂದರೆ ಕಟ್ಟು ವಾಪಸು, ಅಂಚೆವೆಚ್ಚ ನಷ್ಟ. 2016ರಲ್ಲಿ ಬಂದ ಯುಪಿಐ ಈ ಕಾಯುವಿಕೆಯನ್ನೆಲ್ಲ ಮುಗಿಸಿತು. ಆದರೆ ಅಂದು ಅವನು ಗಿರಾಕಿಯ ಮಾತಿಗಲ್ಲ, ಅಂಚೆಯ ಚೀಟಿಗೆ ಲೆಕ್ಕ ಬರೆಯುತ್ತಿದ್ದ. ಇಂದಿಗೂ ಕ್ರಮ ಅದೇ. ಗಿರಾಕಿ ಕಳಿಸಿದ ಸ್ಕ್ರೀನ್‌ಶಾಟ್ ನೋಡಿ ಮಾಲು ಕಳಿಸಬೇಡಿ. ಪಾವತಿ ಕಂಪನಿಯ ಸರ್ವರಿನಿಂದ ಬರುವ ವೆಬ್‌ಹುಕ್ಕಿನ ಸಹಿ ತಾಳೆ ನೋಡಿ. ಅದೇ ಸಂದೇಶ ಎರಡು ಸಲ ಬರುವುದುಂಟು; ಆರ್ಡರ್ ನಂಬರ್ ಹಿಡಿದು ಒಂದೇ ಸಲ ಜಮಾ ಮಾಡಿ.

ಆ ಪುಸ್ತಕದ ವ್ಯಾಪಾರವನ್ನು ಈಗ ಅವನ ಮಗಳು ನೋಡಿಕೊಳ್ಳುತ್ತಾಳೆ. ಎಸ್‌ಎಂಎಸ್ ಬಿಲ್ಲು ಏರಿತೆಂದು ಹೋದ ವರ್ಷ ನನ್ನ ಬಳಿ ಬಂದಳು. ಇಂಗ್ಲಿಷಿನಲ್ಲಿ ಒಂದು ಎಸ್‌ಎಂಎಸ್‌ಗೆ 160 ಅಕ್ಷರ, ಕನ್ನಡವಾದರೆ 70. ಅದರಲ್ಲೂ ಒತ್ತು, ಗುಣಿತ ಎಲ್ಲ ಬೇರೆ ಬೇರೆ ಎಣಿಕೆ. ಕಣ್ಣಿಗೆ ಎರಡಕ್ಷರವಾಗಿ ಕಾಣುವ 'ಲಕ್ಷ್ಮೀ'ಗೆ ಏಳು ಸ್ಥಾನ ಬೇಕು. ಅವಳ ಸಂದೇಶ "ಶ್ರೀಮತಿ", "ನಮಸ್ಕಾರಗಳು" ಎಂದು ಶುರುವಾಗಿ ಎರಡು ಎಸ್‌ಎಂಎಸ್ ಆಗಿ ಒಡೆಯುತ್ತಿತ್ತು. ಇಂಗ್ಲಿಷಿಗೆ ಬದಲಿಸಲು ಇಬ್ಬರಿಗೂ ಮನಸ್ಸಿರಲಿಲ್ಲ. "ನಿಮ್ಮ ಪುಸ್ತಕ ಇಂದು ರವಾನೆಯಾಗಿದೆ" ಎಂದು ಬರೆದು ಆರ್ಡರ್ ನಂಬರ್ ಸೇರಿಸಿದೆವು. ಎಪ್ಪತ್ತರಲ್ಲಿ ಇನ್ನೂ ಜಾಗ ಉಳಿಯಿತು. "ನಮಸ್ಕಾರ ಒಂದನ್ನಾದರೂ ವಾಪಸು ಹಾಕೋಣ ಮಾವ" ಎಂದಳು. ಹಾಕಿದೆವು.