ಸ್ಲೇಟಿನ ಮೇಲೆ ಅಳಿಸಿದ ಹೆಜ್ಜೆಗಳು

ಗಣಿತದ ಮೇಷ್ಟರಾಗಿದ್ದವನಿಗೆ ನಿವೃತ್ತಿಯ ನಂತರ ದೊರೆಯುವ ದೊಡ್ಡ ಸುಖವೆಂದರೆ ಪಠ್ಯಕ್ರಮದ ಹಂಗಿಲ್ಲದೆ ಲೆಕ್ಕ ಮಾಡುವುದು. ಸತತ ಭಿನ್ನರಾಶಿಗಳು ನನಗೆ ಒಲಿದದ್ದು ಹೀಗೆ.

1ರಿಂದ ಆರಂಭಿಸಿ, ಪ್ರತಿ ಸಲವೂ ಬಂದ ಸಂಖ್ಯೆಯ ವ್ಯುತ್ಕ್ರಮಕ್ಕೆ 1 ಕೂಡಿಸುತ್ತ ಹೋಗಿರಿ: 1, 2, 3/2, 5/3, 8/5... ಕೊನೆಯಿಲ್ಲದ ಈ ನಡಿಗೆ (1+√5)/2 ಎಂಬ ಸುವರ್ಣ ಅನುಪಾತದತ್ತ, ಎಂದರೆ ಸುಮಾರು 1.618ರತ್ತ ಸಾಗುತ್ತದೆ. ಭಿನ್ನರಾಶಿಯ ಒಳಗೆ ಭಿನ್ನರಾಶಿ, ಅದರೊಳಗೆ ಮತ್ತೊಂದು. ಇದೇ ಸತತ ಭಿನ್ನರಾಶಿ.

ಮದರಾಸಿನ ಪೋರ್ಟ್ ಟ್ರಸ್ಟಿನಲ್ಲಿ ಗುಮಾಸ್ತರಾಗಿದ್ದ ಶ್ರೀನಿವಾಸ ರಾಮಾನುಜನ್ 1913ರ ಜನವರಿ 16ರಂದು ಕೇಂಬ್ರಿಜ್‌ನ ಹಾರ್ಡಿಯವರಿಗೆ ಬರೆದ ಪತ್ರದಲ್ಲಿ ಇದರದೇ ಒಂದು ವಿಸ್ತಾರವಿತ್ತು. ಅಲ್ಲಿ ಮೊದಲ ಅಂಶ 1. ಮುಂದಿನವು ಒಂದು ಪುಟ್ಟ ಸಂಖ್ಯೆ, ಅದರ ವರ್ಗ, ಅದರ ಘನ, ಹೀಗೆ. ಆ ಸಂಖ್ಯೆ 2.718...ರ ಋಣ 2π ಘಾತ, ಸುಮಾರು 0.0018674. ಇಡೀ ಭಿನ್ನರಾಶಿಯನ್ನು ಈ ಸಂಖ್ಯೆಯ ಐದನೆಯ ಮೂಲದಿಂದ ಗುಣಿಸಿದರೆ ಬರುವ ಬೆಲೆ √((5+√5)/2) − (√5+1)/2. ಇಂಥದ್ದನ್ನು ತಾವೆಂದೂ ಕಂಡಿರಲಿಲ್ಲವೆಂದು ಹಾರ್ಡಿ ಒಪ್ಪಿಕೊಂಡರು. ಕ್ಯಾಲ್ಕ್ಯುಲೇಟರ್ ಹಿಡಿದು ನೋಡಿದೆ. ಎರಡೂ ಕಡೆ 0.284079!

ಇದನ್ನು ಪವಾಡವೆಂದು ಹೇಳುವವರೇ ಹೆಚ್ಚು. ಅಂಥದೊಂದು ಭಾಷಣ ಕೇಳಿ ಬಂದ ನನ್ನ ವಿದ್ಯಾರ್ಥಿನಿಯೊಬ್ಬಳು, "ಹಾಗಾದರೆ ನಮ್ಮಂಥವರು ಲೆಕ್ಕ ಕಲಿತು ಏನು ಪ್ರಯೋಜನ, ಸಾರ್?" ಎಂದಿದ್ದಳು. ಆ ಪ್ರಶ್ನೆ ನನ್ನನ್ನು ಬಹುಕಾಲ ಕಾಡಿತು.

ಪವಾಡದ ಹಿಂದೆ ಕಾರಣವಿದೆ. ಈ ಭಿನ್ನರಾಶಿ ಒಂದು ಮಾಡ್ಯುಲರ್ ಫಲನ. ಅದಕ್ಕೆ ಕನ್ನಡಿಯಂಥ ಗುಣವುಂಟು. ಗುಣಲಬ್ಧ π² ಆಗುವಂತೆ ಎರಡು ಧನ ಸಂಖ್ಯೆಗಳನ್ನು ಆರಿಸಿ, ಘಾತದಲ್ಲಿ π ಇರುವ ಜಾಗದಲ್ಲಿ ಒಂದೊಂದನ್ನೇ ಇಟ್ಟು ಎರಡು ಬೆಲೆಗಳನ್ನು ಪಡೆಯಿರಿ. ಪ್ರತಿಯೊಂದಕ್ಕೂ ಸುವರ್ಣ ಅನುಪಾತವನ್ನು ಕೂಡಿಸಿ ಗುಣಿಸಿದರೆ ಯಾವಾಗಲೂ (5+√5)/2 ಬರುತ್ತದೆ. ಎರಡೂ ಸಂಖ್ಯೆಗಳು π ಆದಾಗ ಬಿಂಬ ಪ್ರತಿಬಿಂಬಗಳು ಒಂದೇ. ಆಗ ಉಳಿಯುವುದು ವರ್ಗಮೂಲ ತೆಗೆದು ಕಳೆಯುವ ಕೆಲಸವಷ್ಟೆ. ಅದನ್ನು ಹತ್ತನೆಯ ತರಗತಿಯ ಮಗುವೂ ಮಾಡಬಲ್ಲದು. ಆ ಕನ್ನಡಿಯನ್ನು ಕಂಡುಕೊಳ್ಳುವುದೇ ಪ್ರತಿಭೆ. ಈ ಭಿನ್ನರಾಶಿಯನ್ನು ರೋಜರ್ಸ್ 1894ರಲ್ಲೇ ಪರಿಶೀಲಿಸಿದ್ದರು. ಪತ್ರದಲ್ಲಿದ್ದ ಬೆಲೆಗೆ ವಾಟ್ಸನ್ 1929ರಲ್ಲಿ ಸಾಧನೆ ಪ್ರಕಟಿಸಿದರು.

ಕಾಗದ ದುಬಾರಿಯೆಂದು ರಾಮಾನುಜನ್ ಸ್ಲೇಟಿನ ಮೇಲೆ ಲೆಕ್ಕ ಮಾಡಿ, ಮೊಣಕೈಯಿಂದ ಒರೆಸಿ, ಉತ್ತರವನ್ನಷ್ಟೇ ಪುಸ್ತಕಕ್ಕೆ ಇಳಿಸುತ್ತಿದ್ದರು. ಒರೆಸಿಹೋದ ಹೆಜ್ಜೆಗಳು ಇರಲೇ ಇಲ್ಲವೆಂದುಕೊಂಡು ಕೈಮುಗಿಯುವುದಕ್ಕಿಂತ, ಪೆನ್ಸಿಲ್ ಹಿಡಿದು ಅವುಗಳಲ್ಲಿ ಒಂದನ್ನಾದರೂ ಮತ್ತೆ ಬರೆಯುವುದೇ ಆ ಮಹನೀಯರಿಗೆ ಸಲ್ಲುವ ಗೌರವ.