ಆವನಿ: ಬೆಟ್ಟ, ಕೆರೆ ಮತ್ತು ಕಾರಿನ ನೀರು

ಕೋಲಾರ ಜಿಲ್ಲೆಯ ಮುಳಬಾಗಿಲು ಪಟ್ಟಣದಿಂದ ಹನ್ನೆರಡು ಕಿ.ಮೀ. ಆಸುಪಾಸಿನಲ್ಲಿರುವ ಆವನಿ ಪುರಾಣವೂ ಚರಿತ್ರೆಯೂ ಬೆರೆತ ಊರು. ವಾಲ್ಮೀಕಿ ಆಶ್ರಮ ಇಲ್ಲಿತ್ತು, ಲವ-ಕುಶರು ಹುಟ್ಟಿದ್ದು ಇಲ್ಲಿಯೇ ಎಂಬುದು ಸ್ಥಳೀಯರ ನಂಬಿಕೆ. ಬೆಟ್ಟದ ಮೇಲೆ ಸೀತೆಯ ಗುಡಿ. ಕೆಳಗೆ ರಾಮ, ಲಕ್ಷ್ಮಣ, ಭರತ, ಶತ್ರುಘ್ನರ ಹೆಸರಿನ ಈಶ್ವರ ದೇಗುಲಗಳು. ಹತ್ತನೆಯ ಶತಮಾನದ ಈ ನೊಳಂಬರ ಕಾಲದ ಗುಡಿಗಳನ್ನು ಮಕ್ಕಳು ನೋಡಲೇಬೇಕು.

ಹರಿಯುವ ನದಿಯಿಲ್ಲದ ಈ ಸೀಮೆಗೆ ಕೆರೆಯೇ ಜೀವ. ಕ್ರಿ.ಶ. 961ರಲ್ಲಿ ತೀರಿಕೊಂಡ ಆವನಿಯ ಯತಿ ತ್ರಿಭುವನಕರ್ತಾರರು ಐವತ್ತು ಗುಡಿಗಳ ಜೊತೆಗೆ ಎರಡು ದೊಡ್ಡ ಕೆರೆಗಳನ್ನೂ ಕಟ್ಟಿಸಿದರೆಂದು ಶಾಸನ ಹೇಳುತ್ತದೆ.

ಶಿವರಾತ್ರಿಯ ವೇಳೆಗೆ ಇಲ್ಲಿ ದನಗಳ ಜಾತ್ರೆ. ಬಿಸಿಲು ಏರುವ ಕಾಲ. ಜನ, ದನ, ಗಾಡಿಗಳ ನಡುವೆ ಕಾರು ಮೊದಲ ಗೇರಿನಲ್ಲಿ ತೆವಳಬೇಕು. ಆಗ ನೆನಪಾಗಬೇಕಾದದ್ದು ಬಾನೆಟ್ ಕೆಳಗಿನ ಪುಟ್ಟ ಕೆರೆ, ಅಂದರೆ ರೇಡಿಯೇಟರ್.

ಎಂಜಿನ್‌ನಲ್ಲಿ ಉರಿದ ಇಂಧನದ ಶಾಖದಲ್ಲಿ ಸುಮಾರು ಮೂರನೇ ಒಂದು ಪಾಲನ್ನು ತಂಪುದ್ರವ ಹೊತ್ತೊಯ್ಯುತ್ತದೆ. ಪಂಪು ಅದನ್ನು ತಿರುಗಿಸುತ್ತದೆ. ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಗಾಳಿ ಅದನ್ನು ಆರಿಸುತ್ತದೆ. ಕಾರು ನಿಧಾನವಾದರೆ ಎದುರುಗಾಳಿ ಇಲ್ಲ, ಎಲ್ಲ ಭಾರವೂ ಫ್ಯಾನಿನ ಮೇಲೆಯೇ.

ಸಮುದ್ರಮಟ್ಟಕ್ಕಿಂತ ಎಂಟುನೂರು ಮೀಟರಿಗೂ ಮೇಲಿರುವ ಈ ಭಾಗದಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ರೇಡಿಯೇಟರಿನ ಮುಚ್ಚಳ ಒಳಗೆ ಒತ್ತಡ ಉಳಿಸುವುದರಿಂದ ಅಲ್ಲಿನ ನೀರು 100 ಡಿಗ್ರಿ ದಾಟಿದರೂ ಕುದಿಯದೆ ನಿಲ್ಲುತ್ತದೆ. ಬಿಸಿಯಾಗಿರುವಾಗ ಮುಚ್ಚಳ ತೆರೆದರೆ ಒತ್ತಡ ಒಮ್ಮೆಲೇ ಇಳಿದು, ನೀರು ಆವಿಯಾಗಿ ಮುಖಕ್ಕೆ ಚಿಮ್ಮುತ್ತದೆ. ಸುಟ್ಟ ಗಾಯ ಸಾಮಾನ್ಯದ್ದಲ್ಲ.

ಮೀಟರಿನ ಮುಳ್ಳು ಕೆಂಪಿನತ್ತ ಹೋದರೆ ಎ.ಸಿ. ಆರಿಸಿ, ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ನಿಲ್ಲಿಸಿ. ಕನಿಷ್ಠ ಅರ್ಧ ಗಂಟೆ ಕಾಯಿರಿ, ಮಕ್ಕಳನ್ನು ದೂರವಿಡಿ. ಪೂರ್ತಿ ತಣಿದ ಮೇಲೆ ದಪ್ಪ ಬಟ್ಟೆ ಹಿಡಿದು ಮುಚ್ಚಳವನ್ನು ನಿಧಾನವಾಗಿ ಸಡಿಲಿಸಿ. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಲೋಹ ಬಿರಿಯಬಹುದು.

ಬೋರ್‌ವೆಲ್ಲಿನ ಗಡಸು ನೀರನ್ನು ರೇಡಿಯೇಟರಿಗೆ ದಿನವೂ ಹಾಕಬೇಡಿ. ನೀರು ಕಾಯಿಸುವ ಹಂಡೆಯೊಳಗೆ ಕಟ್ಟುವ ಬಿಳಿ ಪದರವೇ ಅಲ್ಲಿಯೂ ಕಟ್ಟಿ, ಕೊಳವೆ ಮುಚ್ಚಿಹೋಗುತ್ತದೆ. ಕಾರಿನ ಕೈಪಿಡಿ ಹೇಳುವ ಕೂಲಂಟನ್ನು ಡಿಸ್ಟಿಲ್ಡ್ ವಾಟರಿನೊಂದಿಗೆ ಬೆರೆಸಿ ಹಾಕಿ, ಹೇಳಿದ ಅವಧಿಗೆ ಬದಲಿಸಿ. ತುರ್ತಿಗೆ ಕುಡಿಯುವ ನೀರು ಹಾಕಿದರೂ ಮರುದಿನವೇ ಮೆಕ್ಯಾನಿಕ್ಕಿಗೆ ತೋರಿಸಿ. ಹೊರಡುವ ಮುನ್ನ, ಎಂಜಿನ್ ತಣ್ಣಗಿರುವಾಗ, ಡಬ್ಬಿಯ ಗೆರೆ, ರಬ್ಬರ್ ಹೋಸು, ಫ್ಯಾನ್ ಬೆಲ್ಟು ನೋಡಿಕೊಳ್ಳಲು ಐದು ನಿಮಿಷ ಸಾಕು.

ಇನ್ನೊಂದು ಮಾತು. ಕೂಲಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿ, ಆದರೆ ವಿಷ. ಹಳೆಯದನ್ನು ಕೆರೆಯ ಬಳಿ ಚೆಲ್ಲಬೇಡಿ; ಜಾತ್ರೆಗೆ ಬಂದ ದನ ಅದನ್ನು ನೆಕ್ಕೀತು.

ಆಮೇಲೆ ಕಾರನ್ನು ಕೆಳಗೇ ಬಿಟ್ಟು ಬೆಳಿಗ್ಗೆಯೇ ಬೆಟ್ಟ ಹತ್ತಿ. ನಿಮಗೂ ಒಂದು ಬಾಟಲಿ ನೀರು ಇರಲಿ.