ಇಂಗ್ಲಿಷ್ ಪೇಪರ್, ಭಾಗ 4: ಆ ಮೋರೋವರ್ ಯಾಕ್ ಬರೆದೆ?

ಹೋದ ಪೋಸ್ಟ್ ಆದ್ಮೇಲೆ ಬಂದ ಮೆಸೇಜುಗಳಲ್ಲಿ ಅರ್ಧ ಒಂದೇ ಮಾತು: "ಎಸ್ಸೇಗೆ ಹಾಕೋ ಲಿಂಕಿಂಗ್ ವರ್ಡ್ಸ್ ಲಿಸ್ಟ್ ಕಳಿಸಿ." ಕಳಿಸಲ್ಲ. ಲಿಸ್ಟ್ ನನ್ನ ಹತ್ರಾನೂ ಇತ್ತು, ನಾನು ಕೆಟ್ಟಿದ್ದೇ ಅದ್ರಿಂದ.

ಹತ್ತನೇ ಕ್ಲಾಸ್‌ವರೆಗೂ ನಂದು ಕನ್ನಡ ಮೀಡಿಯಂ. ಫಸ್ಟ್ ಪಿಯುಗೆ ಹೊಸಕೋಟೆಗೆ ಬಂದಾಗ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಇಪ್ಪತ್ತು ಪದ ಬರ್ಕೊಂಡಿದ್ದೆ. ಮೋರೋವರ್, ಹೌಎವರ್, ದೇರ್‌ಫೋರ್, ಫರ್ದರ್‌ಮೋರ್. ಸಾರಿಗೆ ಒಗ್ಗರಣೆ ಹಾಕ್ದಂಗೆ ಎರಡು ವಾಕ್ಯಕ್ಕೊಂದು ಹಾಕೋದು. ಒಂದ್ಸಲ ಮನೆ ಬಗ್ಗೆ ಎಸ್ಸೇ ಕೊಟ್ಟರು. ನಾನು ಬರೆದಿದ್ದನ್ನ ಕನ್ನಡದಲ್ಲಿ ಹೇಳಿದ್ರೆ ಹೀಗಿತ್ತು: "ನಮ್ಮಮ್ಮ ಒಂದು ಹಸು ಮಾರಿದರು. ಮೋರೋವರ್, ನಾನು ಕಾಲೇಜು ಸೇರಿದೆ."

ಮೇಡಂ ಆ ಪದಕ್ಕೆ ಕೆಂಪು ಸುತ್ತು ಹಾಕಿದ್ರು. ಹೋಗಿ ಕೇಳ್ದೆ. "ಮೋರೋವರ್ ಅಂದ್ರೆ 'ಅದೂ ಅಲ್ಲದೆ' ಅಂತ. ಹಸು ಮಾರಿದ್ರು, ಅದೂ ಅಲ್ಲದೆ ನೀನು ಸೇರ್ದೆ, ಹಂಗಾ? ನಿನ್ನನ್ನ ಸೇರಿಸೋಕೆ ಮಾರಿದ್ರಾ, ಇಲ್ಲ ಎರಡಕ್ಕೂ ಸಂಬಂಧಾನೇ ಇಲ್ವಾ?" ಅಂದ್ರು. ನನಗೆ ಗೊತ್ತಿರಲಿಲ್ಲ. ಇಂಗ್ಲಿಷ್ ಬಿಡಿ, ಕನ್ನಡದಲ್ಲೂ ಗೊತ್ತಿರಲಿಲ್ಲ.

ಸಂಜೆ ಅಮ್ಮನ್ನ ಕೇಳ್ದೆ. "ಫೀಸಿಗೇ ಮಾರಿದ್ದು, ಇನ್ಯಾಕೆ?" ಅಂದ್ಲು, ಮುದ್ದೆ ಕಟ್ತಾ, ತಲೆ ಕೂಡ ಎತ್ತಲಿಲ್ಲ. ಅಷ್ಟು ದಿನ ನಾನೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ವಾಕ್ಯ ತಿದ್ದಿ ಬರೆದೆ: "ಮೈ ಮದರ್ ಸೋಲ್ಡ್ ಎ ಕೌ ಟು ಪೇ ಮೈ ಫೀಸ್." ಇಪ್ಪತ್ತು ಪದದಲ್ಲಿ ಒಂದೂ ಬೇಕಾಗಲಿಲ್ಲ.

ನಮಗೆ ಇದು ಯಾಕೆ ತಡವರಿಸುತ್ತೆ ಅಂದ್ರೆ, ಕನ್ನಡದಲ್ಲಿ ಜೋಡಿಸೋ ಕೆಲಸ ಬಹಳಷ್ಟು ಕ್ರಿಯಾಪದದ ಬಾಲದಲ್ಲೇ ಆಗಿಹೋಗುತ್ತೆ. "ಎದ್ದು, ಹಾಲು ಕರೆದು, ಡೈರಿಗೆ ಹಾಕಿ, ಬಸ್ ಹತ್ತಿದೆ." ಇಲ್ಲಿ ಜೋಡಿಸೋಕೆ ಬೇರೆ ಪದ ಎಲ್ಲಿದೆ ಹೇಳಿ? ಇದನ್ನೇ ಇಂಗ್ಲಿಷಿಗೆ ತರುವಾಗ ಬಾಲ ಕಟ್ ಆಗಿ ನಾಲ್ಕು ತುಂಡು ವಾಕ್ಯ ಆಗುತ್ತೆ, ನಡುವೆ ಮೂರು ಸಲ "ಆಫ್ಟರ್ ದಟ್" ತುರುಕ್ತೀವಿ. ಮನೇಲಿ ಕಥೆ ಹೇಳೋವಾಗ "ಆಮೇಲೆ, ಆಮೇಲೆ" ಅಂತೀವಲ್ಲ, ಅದೇ. ಕಾಮಾ ಹಾಕಿ ಕೊನೇಲಿ ಒಂದು "ಆ್ಯಂಡ್" ಇಟ್ರೆ ಸಾಕಿತ್ತು.

ಹಾಗಂತ ಲಿಂಕರ್ ಸುಮ್ನೆ ಅಲಂಕಾರ ಅಲ್ಲ. ನಮ್ಮೂರ ಬಿರಿಯಾನಿನೇ ತಗೊಳ್ಳಿ. ಒಂದು ವಾಕ್ಯ: ಅಂಗಡಿ ಬೆಳಗಿನ ಜಾವವೇ ತೆಗೀತಾರೆ. ಇನ್ನೊಂದು: ಬೆಂಗಳೂರಿಂದ ಜನ ಬಂದು ಕ್ಯೂ ನಿಲ್ತಾರೆ. ನಡುವೆ "ಸೋ" ಹಾಕಿ, ಬೇಗ ತೆಗೆಯೋದಕ್ಕೇ ಜನ ಬರ್ತಾರೆ ಅಂತಾಗುತ್ತೆ. "ಬಿಕಾಸ್" ಹಾಕಿ, ಜನ ಬರೋದಕ್ಕೇ ಬೇಗ ತೆಗೀತಾರೆ. "ಸ್ಟಿಲ್" ಹಾಕಿದ್ರೆ, ಅಷ್ಟು ಹೊತ್ತಲ್ಲೂ ಬರ್ತಾರಲ್ಲಪ್ಪಾ ಅನ್ನೋ ಆಶ್ಚರ್ಯ. ವಾಕ್ಯ ಎರಡೇ, ಮಾತು ಮೂರು. ಯಾವುದು ನಿಮ್ಮ ಮಾತು ಅಂತ ಲಿಸ್ಟ್ ಹೇಳಲ್ಲ. (ನನಗೆ ಕೇಳಿದ್ರೆ "ಸ್ಟಿಲ್". ಆ ಹೊತ್ತಿಗೆ ನಾನಂತೂ ಏಳಲ್ಲ.)

ಸೆಕೆಂಡ್ ಪಿಯು ಪೇಪರಲ್ಲಿ ಬ್ರಾಕೆಟ್ಟಲ್ಲಿ ಲಿಂಕರ್ಸ್ ಕೊಟ್ಟು ಖಾಲಿ ಜಾಗ ತುಂಬಿ ಅಂತಾರಲ್ಲ, ಅಲ್ಲಿ ಪದಗಳು ಕೈಗೇ ಸಿಗುತ್ತೆ. 200 ಪದದ 6 ಮಾರ್ಕ್ಸ್ ಉತ್ತರದಲ್ಲಿ ಯಾರೂ ಕೊಡಲ್ಲ. ಅಲ್ಲಿ ನಾನು ಮೊದಲು ಮನಸ್ಸಲ್ಲೇ ಎರಡು ವಾಕ್ಯನ ಕನ್ನಡದಲ್ಲಿ ಜೋಡಿಸಿ ನೋಡ್ತೀನಿ. "ಬಂದಿದ್ದರಿಂದ" ಅಂತ ಬಂದ್ರೆ "ಸೋ" ಇಲ್ಲ "ದೇರ್‌ಫೋರ್". "ಬಂದರೂ" ಅಂತ ಬಂದ್ರೆ "ಆಲ್ದೋ". ಅಲ್ಲೊಂದು ಹುಷಾರು: "ಮಳೆ ಬಂದರೂ ಹೋದೆ" ಅನ್ನೋದ್ರಲ್ಲಿ ಆ "ರೂ" ಒಂದೇ ಕೆಲಸ ಮುಗಿಸುತ್ತೆ. ಇಂಗ್ಲಿಷಲ್ಲೂ ಅಷ್ಟೇ, "ಆಲ್ದೋ" ಹಾಕಿದ್ಮೇಲೆ ಮತ್ತೆ "ಬಟ್" ಬೇಡ. "ಹೌಎವರ್" ಹಾಕಿ ಹೊಸ ಮಾತು ಶುರು ಮಾಡೋದಾದ್ರೆ ಅದಕ್ಕೆ ಮುಂಚೆ ಫುಲ್‌ಸ್ಟಾಪ್, ಆದ್ಮೇಲೆ ಕಾಮಾ. ಕನ್ನಡದಲ್ಲಿ ಯಾವ ಬಾಲವೂ ಹೊಂದಿಕೊಳ್ಳಲಿಲ್ವಾ? ಏನೂ ಹಾಕಬೇಡಿ, ಮುಂದಕ್ಕೆ ಹೋಗಿ.

ನನ್ನ ಹಳೇ ಎಸ್ಸೇ ಫೋಟೋ ಕೊನೇ ಸ್ಲೈಡಲ್ಲಿದೆ, ಕೆಂಪು ಸುತ್ತು ಎಷ್ಟಿದೆ ಎಣಿಸಿ ಕಾಮೆಂಟ್ ಮಾಡಿ. ಮುಂದಿನ ಭಾಗ ಲೆಟರ್ ರೈಟಿಂಗ್. ಆ ಹಸು ಈಗ ಪಕ್ಕದ ಊರಲ್ಲಿದೆ, ಚೆನ್ನಾಗೇ ಹಾಲು ಕೊಡ್ತಿದೆಯಂತೆ.